ಮುಚ್ಚಳದ ಅಡಿ

‘ಇಪ್ಪತ್ತು-ಐವತ್ತೇ ಹಾಕು ಬಸ್ತ್ಯಾಂವ,
ಹುಲಿಕಲ್ ಹತ್ತುವ ಗಾಡಿ,
ನೀರಿನಂಥ ಎಣ್ಣೆ ಇದಕ್ಕೆ ಒಗ್ಗದು’ ಅಂದೆ.

ಸಾಗರದ ಜೋಗ ರಸ್ತೆಯ ಶೆಡ್ಡು.
ಅವನು ಮಾತಾಡಲಿಲ್ಲ.
ಆಯಿಲ್ ಮುಚ್ಚಳ ಬಿಚ್ಚಿ, ಮಗುಚಿ ತೋರಿಸಿದ:
ಒಳಗೆ ಮಜ್ಜಿಗೆಯ ಹಾಗೆ ಬೆಳ್ಳನೆ ನೊರೆ.

‘ಇಂಜಿನ್ನು ಬಿಸಿಯೇ ಆಗ್ತಿಲ್ಲ, ಅಣ್ಣ.
ಘಾಟಿ ಬಿಟ್ಟು ಎಷ್ಟಾಯ್ತು?’

ಮನೆಯಿಂದ ಮೀನು ಮಾರ್ಕೆಟ್ಟು, ಅಲ್ಲಿಂದ ಮನೆ.
ಒಂದೂವರೆ ಕಿಲೋಮೀಟರು.
ಹನ್ನೊಂದು ಜನ ತುಂಬಿ, ಎರಡನೇ ಗೇರಿನಲ್ಲಿ
ಹೇರ್‌ಪಿನ್ ಸುತ್ತಿಸಿದ ಕೈ
ಜೇಬಿನಲ್ಲಿ ಚಿಲ್ಲರೆ ಎಣಿಸಿತು.

‘ಬೆಳಗಿನ ಚಳಿಗೆ ಬೇಗ ಮೇಲೇರೋದು ಬೇಕು.
ಐದು-ಮೂವತ್ತು ಸಾಕು.’

ಹೂಂ ಅಂದೆನೋ, ಕೆಮ್ಮಿದೆನೋ.
ತೆಳ್ಳಗೆ, ಜೇನಿನ ಬಣ್ಣ,
ಸದ್ದಿಲ್ಲದೆ ಇಳಿಯಿತು.

ನಾನು ತಂದಿದ್ದ ದಪ್ಪ ಎಣ್ಣೆಯ ಡಬ್ಬಿ
ಡಿಕ್ಕಿಯಲ್ಲೇ ಇರಲಿ ಅಂದೆ.