ಸರಾಸರಿ

ಇಲೋಯ್ಲೋದ ನಮ್ಮ ಶಾಖೆಯಲ್ಲಿ ಮೂರನೇ ಕೌಂಟರು ನನ್ನದು.
ಮಧ್ಯಾಹ್ನ ಕಳೆದು ಬಂದಳು ಮೆರ್ಲಿಟಾ ಡಿವಿನಾಗ್ರಾಸಿಯಾ,
ನಮ್ಮ ಓಣಿಗೆ ಪಾಂಡೆಸಾಲ್ ಬನ್ನು ಸುಟ್ಟು ಮಾರುವವಳು,
ಮೊಣಕೈವರೆಗೂ ಹಿಟ್ಟಿನ ಧೂಳು.
ಕೆನಡಾದವರು ಕೇಳುವ ಕಾಗದ ಬೇಕಂತೆ.

ಖಾತೆ ತೆರೆದ ದಿನ, ಇಂದಿನ ಶಿಲ್ಕು,
ಆರು ತಿಂಗಳ ಸರಾಸರಿ.
ಟೈಪು ಮಾಡುತ್ತ ಹೋದೆ.
ಆ ಸರಾಸರಿಯೊಳಗೆ
ಕ್ಯಾಂಡಲೇರಿಯಾ ಹಬ್ಬಕ್ಕೆ ಸುಡದೆ ಮಾರಿದ ಹಂದಿ ಇದೆ,
ಮಗನ ಕನ್ನಡಕದ ಮುರಿದ ಕಾಲಿಗೆ ಸುತ್ತಿದ ದಾರವಿದೆ.
ಯಂತ್ರ ಎಲ್ಲ ಕೂಡಿ
ಆರರಿಂದ ಭಾಗಿಸುತ್ತದೆ, ಅಷ್ಟೆ.

ಕೊನೆಯ ಸಾಲು, ಸಾಲದ್ದು.
‘ಅದನ್ನೂ ಬರೀಲೇಬೇಕಾ?’
ಓವನ್ನಿಗೆಂದು ತೆಗೆದದ್ದು, ಇನ್ನೂ ಹದಿನಾಲ್ಕು ಕಂತು.
ಈ ಖಾತೆಯಿಂದ ಆ ಖಾತೆಗೆ ಸುರಿದರೆ ಇವತ್ತೇ ತೀರೀತು;
ಆಗ ಸಾಲವಿಲ್ಲ, ತೋರಿಸಲು ಕಾಸೂ ಇಲ್ಲ.
ಹಾಗಾಗಿ ಎರಡನ್ನೂ ಸಾಕುತ್ತಿದ್ದಾಳೆ ಒಂದೇ ಒಲೆಯಲ್ಲಿ:
ಮುಟ್ಟಬಾರದ ಗಂಟು,
ಮುಟ್ಟಿಸಲೇಬೇಕಾದ ಕಂತು.

ಬರೆದೆ. ಸಹಿ, ಸೀಲು.
ಅವಳು ಓದುತ್ತ ಬಂದಳು. ಬೆರಳು ಅಲ್ಲೇ ನಿಂತಿತು,
ಹಿಟ್ಟು ಅಂಟಿತು,
ಒರೆಸಹೋದಳು, ಇನ್ನಷ್ಟು ಹರಡಿತು.

‘ಇನ್ನೊಂದು ಪ್ರತಿ ತೆಗೆದುಕೊಡಲೆ?’
‘ಎಷ್ಟಾಗುತ್ತೆ?’
‘ನೂರು ಪೆಸೊ. ಖಾತೆಯಿಂದಲೇ ಹಿಡಿದುಕೊಳ್ಳುತ್ತೇವೆ.’

ತುಟಿಯಲ್ಲೇ ಏನೋ ಎಣಿಸಿದಳು.
ಕಾಗದವನ್ನು ಮೆಲ್ಲಗೆ ಊದಿ
ಮಡಿಸದೆ ಎದೆಗೆ ಹಿಡಿದಳು.
‘ಬೇಡ ಬಿಡಿ,
ಸರಾಸರಿ ಕೆಡುತ್ತೆ.’