ಕಡಲಿನ ಹತ್ತು

ಸಾಂತಾ ಕ್ರೂಸಿನಿಂದ ಬಂದವನು, ಹೆಸರು ರೋಲಾಂದೊ,
ಬಸ್ಸಿಳಿದು ಗಣಿಯ ಬಾಯಿಗೆ ಹತ್ತುವಷ್ಟರಲ್ಲಿ
ಮೂರು ಸಲ ಕೂತ.
ಬಣ್ಣದ ಪುಸ್ತಕ ಎದೆಗೊತ್ತಿಕೊಂಡು
ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದ.
ಇಗ್ನಾಸಿಯಾ ಅವನ ಬೊಗಸೆಗೆ ಕೋಕಾ ಎಲೆ ಸುರಿದಳು:
ದವಡೆಯಲ್ಲಿಟ್ಟುಕೊ, ನುಂಗಬೇಡ. ಮಾತು ಆಮೇಲೆ.

ತಗಡಿನ ಕೋಣೆಯಲ್ಲಿ ನಮ್ಮ ಹಳೆಯ ಕಂಪ್ರೆಸರು
ಗೊರಗೊರ ಎನ್ನುತ್ತಿತ್ತು. ಪಿಸ್ಟನ್ನಿನ ಜಾತಿ,
ಅಷ್ಟು ದುಡಿದರೆ ಇಷ್ಟು ತಣಿಯಬೇಕು ಅದಕ್ಕೆ.
ನಾವು ಬಿಡಲಿಲ್ಲ. ತವರದ ಬೆಲೆ ಏರಿತ್ತು.
ಗಾಳಿ ಬಂದಾಗ ತೂರಿಕೊಳ್ಳಬೇಕು, ಸರಿ,
ನಾವು ಗಾಳಿಯನ್ನೇ ತೂರಿದೆವು
ಅದರ ಉಂಗುರಗಳು ಸವೆದು ಎಣ್ಣೆ ಕಾರುವ ತನಕ.

ರೋಲಾಂದೊ ಪುಟ ತಿರುವಿದ.
ಇದು ಸ್ಕ್ರೂ, ದೋನ್ಯಾ. ಎರಡು ತಿರುಪು
ಜಡೆಯಂತೆ ಒಂದರೊಳಗೊಂದು ಸುತ್ತಿ
ಗಾಳಿಯನ್ನು ಹಿಂಡುತ್ತವೆ. ದಣಿವೆಂಬುದಿಲ್ಲ.
ಹತ್ತು ಡ್ರಿಲ್ಲಿಗೆ ಸಾಕು.

ನಾನು ಬೆನೀತಾ ಕಾಯೊ, ಸಂಘದ ಲೆಕ್ಕ ಬರೆಯುವವಳು,
ಆರನೇ ತರಗತಿಗೆ ಶಾಲೆ ಬಿಟ್ಟವಳು. ಕೇಳಿದೆ:
ಈ ಹತ್ತು, ಎಲ್ಲಿ ಅಳೆದ ಹತ್ತು?
ಪುಟದ ಬುಡದಲ್ಲಿ ಇರುವೆಸಾಲಿನಂಥ ಅಕ್ಷರ.
ಬೆರಳಿಟ್ಟು ಓದಿದ:
ಸಮುದ್ರ ಮಟ್ಟದಲ್ಲಿ.

ತಗಡು ಅದುರುವಂತೆ ನಕ್ಕರು ಎಲ್ಲರೂ.
ಸಮುದ್ರ!
ನಮ್ಮ ಕಡಲು ಯುದ್ಧದಲ್ಲಿ ಹೋಗಿ ನೂರು ವರ್ಷ ಮೀರಿತಲ್ಲ,
ಮಾರ್ಚ್ ಬಂತೆಂದರೆ ಮಕ್ಕಳು ಬ್ಯಾಂಡು ಬಾರಿಸುತ್ತಾರೆ ಅದಕ್ಕಾಗಿ.
ನೀನು ಅದರ ಗಾಳಿ ಮಾರಲು ಬಂದೆಯಾ?

ಇಲ್ಲಿ ಬೆಂಕಿಕಡ್ಡಿ ಕೂಡ ಯೋಚಿಸಿ ಹತ್ತಿಕೊಳ್ಳುತ್ತದೆ.
ಆಲೂಗಡ್ಡೆ ಬೇಯಲು ಅರ್ಧ ದಿನ.
ಎಂಜಿನ್ನು ಡೀಸೆಲ್ ಕುಡಿದು ಬರೀ ಕಪ್ಪು ಹೊಗೆ ಉಗುಳುತ್ತದೆ.
ಕಡಲಿನ ಹತ್ತು ಇಲ್ಲಿ ಆರು, ಮಗನೇ.
ನಿನ್ನನ್ನೇ ನೋಡಿಕೊ,
ಆರಕ್ಕಿಳಿದು ಕಲ್ಲಿನ ಮೇಲೆ ಕೂತಿದ್ದೀಯ.

ಸೆವೆರೀನೊ ಮಾವ ನಗಲಿಲ್ಲ.
ಕಳೆದ ವರ್ಷ ಆಸ್ಪತ್ರೆಯಲ್ಲಿ ಅವನ ಬಾಯಿಗೂ ಒಂದು ಕೊಳವೆ ಇಟ್ಟು
ಊದು ಅಂದಿದ್ದರು, ಇನ್ನೂ ಊದು.
ನೀರು ಹಾಯಿಸದೆ ಬಂಡೆ ಕೊರೆದ ವರ್ಷಗಳೆಲ್ಲ
ಒಂದು ಚೀಟಿಯಲ್ಲಿ ಅಂಕಿಯಾಗಿ ಬಂದವು.
ಚೀಟಿಯನ್ನು ಅವನು ಟೋಪಿಯೊಳಗೆ ಇಟ್ಟುಕೊಂಡಿದ್ದಾನೆ.
ಯಾರಿಗೂ ತೋರಿಸಿಲ್ಲ.

ಅವನೇ ಅಂದದ್ದು: ಕೊಳ್ಳುವ ಮುಂಚೆ
ಇರುವುದು ಎಲ್ಲಿ ಹೋಗುತ್ತಿದೆ ನೋಡೋಣ.

ಭಾನುವಾರ ಗಣಿ ಮೌನ.
ಎಂಟುನೂರು ಮೀಟರ್ ಹೋಸಿನುದ್ದಕ್ಕೂ
ಬಕೆಟ್ಟಿನ ಸೋಪುನೀರು, ಬಟ್ಟೆ, ತಲೆದೀಪ.
ಒರೆಸಿದಲ್ಲೆಲ್ಲ ಕಿವಿಯಿಟ್ಟೆವು.
ಜೋಡಣೆಗಳಲ್ಲಿ ಗುಳ್ಳೆ ಎದ್ದವು, ಒಂದು ಕಡೆ
ಹೆಬ್ಬೆರಳಿನಷ್ಟು ಬಿರುಕಿಗೆ ಯಾರೋ ಕಾಲುಚೀಲ ಸುತ್ತಿದ್ದರು.
ಹನ್ನೊಂದು ತೂತು.
ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎನ್ನುತ್ತಾರೆ ಗಾದೆಯಲ್ಲಿ,
ಇಷ್ಟು ವರ್ಷ ಡೀಸೆಲ್ ಸುಟ್ಟು
ಕತ್ತಲಿಗೆ ಗಾಳಿ ಹಾಕಿದೆವು ನಾವು.

ಟ್ಯಾಂಕಿನ ತಳದ ಕೀಲಿ ತಿರುಗಿಸಿದರೆ
ತುಕ್ಕುನೀರು, ಎರಡು ಬಕೆಟ್. ಹಿಂಡಿದರೆ
ಗಾಳಿಯೂ ಬೆವರುತ್ತದೆ ಅಂತ ರೋಲಾಂದೊ ಹೇಳಿದಾಗ ತಿಳಿದದ್ದು,
ಜೂನಿನ ಮುಂಜಾವಗಳಲ್ಲಿ ಡ್ರಿಲ್ಲು ಏಕೆ ಕಟ್ಟಿಕೊಳ್ಳುತ್ತಿತ್ತೆಂದು:
ಕೊಳವೆಯೊಳಗೆ ಮಂಜಿನ ಬಿರಡೆ.

ಹಾಗಾಗಿ ಲೆಕ್ಕ ತಿರುಗಿತು.
ಒಟ್ಟಿಗೆ ಓಡುವವು ಆರೇ ಡ್ರಿಲ್ಲು, ಹತ್ತಲ್ಲ.
ತೂತು ಮುಚ್ಚಿದ ಮೇಲೆ ಪುಸ್ತಕದ ಕೊನೆಯ ಪುಟದ ದೈತ್ಯ ಬೇಡ,
ನಡುವಿನದು ಸಾಕು, ಜೊತೆಗೊಂದು ಡ್ರೈಯರು.
ರೋಲಾಂದೊನ ಮುಖ ಸಣ್ಣದಾಯಿತು,
ಆದರೂ ಪೆನ್ಸಿಲ್ ತೆಗೆದು ಪ್ರಾಮಾಣಿಕವಾಗಿ ಬರೆದ,
ಅಂಚಿನಲ್ಲಿ: ಇಲ್ಲಿನ ಗಾಳಿಗೆ.

ಬಂದ ದಿನ ಅದರ ಚಕ್ರಗಳಿಗೆ ಮದ್ಯ ಎರೆದೆವು,
ನೆಲದ ತಾಯಿಗೆ ಮೊದಲ ಹನಿ,
ಕೊರಳಿಗೆ ಬಣ್ಣದ ಕಾಗದದ ಸುರುಳಿ.
ಗುಂಡಿ ಒತ್ತಿದರೆ ಕೆಮ್ಮಿಲ್ಲ, ಒಂದೇ ಶ್ರುತಿ.

ಸೆವೆರೀನೊ ಮಾವ ಹೋಸಿನ ತುದಿಗೆ ಅಂಗೈ ಹಿಡಿದ.
ತಿರುಗಿಸಿ ನೋಡಿದ. ಕೆನ್ನೆಗೊರೆಸಿದ.
ಒಣಗಿದೆ, ಅಂದ.
ಆಮೇಲೆ: ಭಾನುವಾರ ಟ್ಯಾಂಕಿನ ನೀರು ಬಿಡುವವರು ಯಾರು,
ಈಗಲೇ ಹೆಸರು ಬರಿ.