ಹದಿಮೂರನೇ ಪುಟದ ಗುಳ್ಳೆ

ಈ ಪುಸ್ತಕದಲ್ಲೊಂದು ಅಚ್ಚಿನ ತಪ್ಪುಂಟು.
ಹದಿಮೂರನೇ ಪುಟದಲ್ಲಿ ಪುಟ್ಟ ಏಡಿ ಬಾಯಿ ತೆರೆದಿದೆ,
ತಲೆಯ ಮೇಲೊಂದು ಬಿಳಿ ಗುಳ್ಳೆ,
ಗುಳ್ಳೆಯೊಳಗೆ ಏನೂ ಇಲ್ಲ.
ಕಪ್ಪು ಶಾಯಿ ಅಲ್ಲಿಗೆ ಬರುವಾಗ ಮುಗಿದಿತ್ತೋ,
ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತೋ.
ಅರ್ಧ ಬೆಲೆಗೆ ಸಿಕ್ಕಿತು, ತೆಗೆದುಕೊಂಡೆ.

ಕತೆ ಸಣ್ಣದು. ಸನ್ಯಾಸಿ ಏಡಿ ಅಂತ ಹೆಸರು,
ಮನೆಯ ಆಸೆ ಮಾತ್ರ ಬಿಟ್ಟಿಲ್ಲ.
ಅದು ಹೊತ್ತು ತಿರುಗುವ ಶಂಖವನ್ನು
ದೊಡ್ಡ ಏಡಿಯೊಂದು ಕಿತ್ತುಕೊಳ್ಳುತ್ತದೆ.
ತೀರದವರೆಲ್ಲ ನೋಡುತ್ತಾರೆ,
ಮರುವಾಯಿ, ಬೊಂಡಾಸ, ಒಂಟಿಕಾಲಿನ ಕೊಕ್ಕರೆ.
ಆಗ ಪುಟ್ಟ ಏಡಿ ಹೇಳುತ್ತದೆ.
ಏನು ಹೇಳುತ್ತದೆಂದು ಯಾರಿಗೂ ಗೊತ್ತಿಲ್ಲ;
ಹದಿನಾಲ್ಕನೇ ಪುಟದಲ್ಲಿ ಎಲ್ಲರೂ
ಅದರ ಬೆನ್ನ ಹಿಂದೆ ಬಂದು ನಿಂತಿದ್ದಾರೆ.
ಅಷ್ಟು ದೊಡ್ಡ ಮಾತು ಅದು.

ಶುಕ್ರವಾರ ಬೆಳಿಗ್ಗೆ ಬಂದರಿನಿಂದ ಬೆಂಗ್ರೆಗೆ ಫೆರಿ.
ಐಸ್ ಕಾರ್ಖಾನೆಯ ಹಳೆಯ ಕ್ರೇಟಿನಲ್ಲಿ ನನ್ನ ನಲವತ್ತು ಪುಸ್ತಕ.
ಎಷ್ಟು ತೊಳೆದರೂ ಬಂಗುಡೆಯ ವಾಸನೆ,
ಮಕ್ಕಳು ಪುಟ ಮೂಸಿ ನೋಡಿಯೇ ಓದಲು ಕೂರುವುದು.

ಕಳೆದ ಶುಕ್ರವಾರ ಕೇಳಿದೆ, ಏಡಿ ಎಂತ ಹೇಳಿರಬಹುದು?
ಚಿತ್ರಾಕ್ಷನಿಗೆ ಯೋಚನೆಯೇ ಬೇಡ:
'ಎನ್ನ ಇಲ್ಲ್ ಅವು, ಪಿರ ಕೊರ್ಲೆ!'
ಮಿಸ್ರಿಯಾ ಬ್ಯಾರಿಯಲ್ಲಿ ಬೈದಳು;
ಅರ್ಧ ನನಗೆ ತಿಳಿಯಲಿಲ್ಲ,
ತಿಳಿದ ಅರ್ಧ ಬರೆಯುವಂಥದ್ದಲ್ಲ.
ಲವಿಟಾ ಕೊನೆಗೊಂದು 'ಪ್ಲೀಸ್' ಸೇರಿಸಿದಳು.
ಯಾರೂ ಒಪ್ಪಲಿಲ್ಲ, ಏಡಿಗೆ ಪ್ಲೀಸ್ ಬರುವುದಿಲ್ಲವಂತೆ.

ಕಂಬಕ್ಕೆ ಒರಗಿ ಕೂತವಳು ಹುಲಿಗೆಮ್ಮ.
ಕುಷ್ಟಗಿ ಕಡೆಯವಳು, ಜೂನಿನಿಂದ ಬರುತ್ತಾಳೆ.
ಒಮ್ಮೆ 'ಹೌದ್ರಿ' ಅಂದಾಗ ಇಡೀ ತರಗತಿ ನಕ್ಕಿತ್ತು;
ಆಮೇಲೆ ಮಾತನ್ನು ಲಂಗದ ಜೇಬಿನಲ್ಲೇ ಇಟ್ಟು ಬರುತ್ತಿದ್ದಳು.
ಅವಳು ಏಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.
'ಮುಂಜಾನಿ ಫೆರಿಯಾಗ ನಮ್ಮವ್ವನ್ನ ಎಬ್ಬಿಸಿದ್ರಲ್ರಿ.
ನೀವೂ ಅಲ್ಲೇ ಇದ್ರಿ.
ಯಾಕ ಸುಮ್ಮ ಕುಂತಿದ್ರಿ?'

'ಕುಂತಿದ್ರಿ' ಎಂದು ಅಣಕಿಸಿ ಯಾರೋ ಕಿಸಕ್ಕೆಂದರು.
'ಎಂತಕ್ಕೆ ನಗುವುದು?' ಅಂದಳು ಮಿಸ್ರಿಯಾ, ಹಿಂದೆ ತಿರುಗದೆಯೇ.
ನಗು ನಿಂತಿತು.
ಪ್ರಶ್ನೆ ಅಲ್ಲೇ ಇತ್ತು.

ನಡೆದದ್ದು ಇಷ್ಟೇ.
ಸಿಮೆಂಟು ಮೆತ್ತಿದ ಬಾಂಡ್ಲಿ ಮಡಿಲಲ್ಲಿಟ್ಟು
ಆ ಹೆಂಗಸು ಕೂತಿದ್ದಳು.
'ಏಳು, ಸೀಟು ಗಲೀಜಾಗ್ತದೆ, ಆಚೆ ನಿಲ್ಲು' ಎಂದ ಟಿಕೆಟಿನವ.
ಎದ್ದಳು. ಮಗಳೂ ಎದ್ದಳು.
ನಾನಾಗ ಇದೇ ಪುಸ್ತಕ ತೆರೆದು
ದೊಡ್ಡ ಏಡಿಗೆ ಯಾವ ದನಿ ಕೊಡಲಿ ಎಂದು
ಒಳಗೊಳಗೇ ಅಭ್ಯಾಸ ಮಾಡುತ್ತಿದ್ದೆ.

ಹೆದರಿದೆ ಅನ್ನಬಹುದಿತ್ತು, ಹೆದರಿರಲಿಲ್ಲ.
ಗೊತ್ತಾಗಲಿಲ್ಲ ಅನ್ನಬಹುದಿತ್ತು, ಗೊತ್ತಾಗಿತ್ತು.
'ತಪ್ಪಾಯಿತು' ಅಂದೆ,
ಜಗಲಿಯ ಮೇಲೆ, ಇಪ್ಪತ್ತಾರು ಮಕ್ಕಳೆದುರು.
ಹುಲಿಗೆಮ್ಮ ತಲೆ ಆಡಿಸಲಿಲ್ಲ.
ಮುಂದೆ ಬಂದು ತಾನೇ ಪುಟ ತಿರುಗಿಸಿದಳು.
ಏಡಿಯ ಹಿಂದಿನ ಸಾಲನ್ನು ಬೆರಳಿಟ್ಟು ನೋಡುತ್ತ ಹೋಗಿ
ತುದಿಯಲ್ಲಿ ನಿಂತು,
'ಈ ಕೊಕ್ಕರಿ ತಡಾ ಮಾಡಿ ಬಂದೈತಿ' ಅಂದಳು.

ಸಂಜೆಯ ಫೆರಿ. ಫಲ್ಗುಣಿಯ ಮೇಲೆ ಡೀಸೆಲ್ಲಿನ ಬಣ್ಣಗಳು.
ಅವಳ ಅವ್ವನಿಗೆ ಕೆಲಸ ಇನ್ನೂ ಬಿಟ್ಟಿರಲಿಲ್ಲ.
ಬೆಂಚು ಖಾಲಿ ಇತ್ತು,
ಕ್ರೇಟನ್ನು ಕಾಲ ಬಳಿ ಇಟ್ಟು ನಿಂತೆ.
'ಕೂತ್ಕೊಳ್ಳಿ ಟೀಚರ್, ಸೀಟುಂಟಲ್ಲ?'
ಅವನೇ, ಬೆಳಗಿನವ. ಒಳ್ಳೆಯ ಮನುಷ್ಯನೇ,
ವಾರವಾರ ಈ ಕ್ರೇಟು ಇಳಿಸಲು ಕೈ ಕೊಡುವವ.
'ಬೆಳಿಗ್ಗೆಯೂ ಇತ್ತು' ಅಂದೆ.
ಇಂಜಿನ್ನಿನ ಸದ್ದು.
'ಎಂತ?' ಎಂದ, ಕಿವಿ ಹತ್ತಿರ ತಂದು.
ಗಂಟಲು ಒಣಗಿತ್ತು.

ಇನ್ನೊಮ್ಮೆ ಹೇಳಿದೆ.